ಆಸ್ ಪರ್ ಕ್ಲೈಂಟ್

ಚಿಕ್ಕಪೇಟೆಯ ಜವಳಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡಲು ಬಿಸಿನೆಸ್ ಅನಲಿಸ್ಟ್ ಒಬ್ಬರು ಲ್ಯಾಪ್‌ಟಾಪ್ ಹೊತ್ತು ಬರುತ್ತಾರೆ ಅನ್ನಿ. ಸಾಹುಕಾರರು ಕಾಫಿ ತರಿಸಿ ಬಾಯಿ ಬಿಡುತ್ತಾರೆ: "ನೋಡಿ ಸ್ವಾಮಿ, ಒಂದ್ಸಲ ಬಿಲ್ ಹೊಡೆದ್ಮೇಲೆ ಯಾರಪ್ಪ ಬಂದ್ರೂ ಅಳಿಸೋಕೆ ಆಗ್ಬಾರ್ದು. ಹೋದ ದೀಪಾವಳೀಲಿ ನಮ್ಮ ಭಾವಮೈದ ಕೌಂಟರಲ್ಲಿ ಕೂತಿದ್ದ. ರಾತ್ರಿ ನೋಡಿದ್ರೆ ಸೀರೆ ಲೆಕ್ಕ ಒಂದು, ಗಲ್ಲಾಪೆಟ್ಟಿಗೆ ಲೆಕ್ಕ ಇನ್ನೊಂದು. ಮನೆ ವಿಷ್ಯ, ಜೋರಾಗಿ ಕೇಳೋ ಹಾಗೂ ಇಲ್ಲ."

ಇಷ್ಟು ರಸವತ್ತಾದ ಮಾತು ಸ್ಪೆಕ್ಕಿಗೆ, ಅಂದರೆ ಬೇಡಿಕೆಗಳ ದಾಖಲೆಗೆ, ಇಳಿಯುವ ಹೊತ್ತಿಗೆ ಹೀಗಾಗಿರುತ್ತದೆ: "4.2.7: ಬಿಲ್ ಅಳಿಸುವ ಸೌಲಭ್ಯವನ್ನು ವ್ಯವಸ್ಥೆಯು ಒದಗಿಸತಕ್ಕದ್ದಲ್ಲ." ದೀಪಾವಳಿಯೂ ಮಾಯ, ಭಾವಮೈದನೂ ಮಾಯ. ಇಷ್ಟು ಸಲೀಸಾಗಿ ಯಾವ ಕೋರ್ಟೂ ಅವನನ್ನು ಬಿಡುಗಡೆ ಮಾಡುತ್ತಿರಲಿಲ್ಲ.

ಶಾಸ್ತ್ರದಲ್ಲಿ ದಾರಿ ಇಲ್ಲವೆಂದಲ್ಲ. ಐಎಸ್‌ಒ 29148 ಮಾನದಂಡವು, ಪ್ರತಿ ಬೇಡಿಕೆಯ ಜೊತೆ ಅದು ಎಲ್ಲಿಂದ ಬಂತು, ಯಾಕೆ ಬೇಕು ಎಂಬುದನ್ನೂ ದಾಖಲಿಸಿಕೊಳ್ಳಿ ಎನ್ನುತ್ತದೆ. ನಮ್ಮವರ ಎಕ್ಸೆಲ್ ಶೀಟಿನಲ್ಲೂ ಆ ಎರಡು ಕಾಲಂ ಇವೆ. ಮೇಲಿನ ಸಾಲಿನಲ್ಲಿ ಒಮ್ಮೆ ಟೈಪ್ ಮಾಡಿ, ಕೊನೆಯವರೆಗೂ ಮೌಸ್‌ನಲ್ಲಿ ಎಳೆದಿರುತ್ತಾರೆ: "ಆಸ್ ಪರ್ ಕ್ಲೈಂಟ್."

ಆಮೇಲೆ ಅನಲಿಸ್ಟ್ ಬೇರೆ ಕಂಪನಿಗೆ ಜಿಗಿಯುತ್ತಾರೆ. ತಪ್ಪು ಬಿಲ್ ತೆಗೆಯೋಕೆ ಆಗ್ತಿಲ್ಲ ಎಂದು ಕೌಂಟರಿನಿಂದ ಟಿಕೆಟ್ ಬರುತ್ತದೆ (ಹಾಕಿದ್ದು ಯಾರೆಂದು ಬೇರೆ ಹೇಳಬೇಕೆ?). ಹೊಸದಾಗಿ ಸೇರಿದ ಹುಡುಗ 4.2.7 ಓದುತ್ತಾನೆ, ಯಾಕೆ ಹೀಗೆ ಎಂದು ಅಕ್ಕಪಕ್ಕ ಕೇಳುತ್ತಾನೆ. ಎಲ್ಲರೂ ಭುಜ ಕುಣಿಸುತ್ತಾರೆ. ಶುಕ್ರವಾರ ಸಂಜೆಯೊಳಗೆ ಡಿಲೀಟ್ ಬಟನ್ ರೆಡಿ, ಅದೂ ಎದ್ದು ಕಾಣುವ ಕೆಂಪು ಬಣ್ಣದಲ್ಲಿ. ಸಾಹುಕಾರರ ಮಾತು ಅವನ ಕಣ್ಣಿಗೆ ಬಿದ್ದಿದ್ದರೆ, ಹಳೇ ಬಿಲ್ಲನ್ನು ಹಾಗೇ ಉಳಿಸಿ, ಮೇಲೆ "ಕ್ಯಾನ್ಸಲ್" ಗುರುತು ಹಾಕಿ, ಹಾಕಿದವರ ಹೆಸರೂ ಹೊತ್ತೂ ಪಕ್ಕದಲ್ಲಿ ತೋರಿಸಿದರೆ ಇಬ್ಬರ ಕೆಲಸವೂ ಆಗುತ್ತದೆಂದು ತಾನಾಗಿ ಹೊಳೆಯುತ್ತಿತ್ತು.

ಮಾಡಬೇಕಾದ್ದು ಬಹಳವೇನಿಲ್ಲ. ಒದಗಿಸತಕ್ಕದ್ದು, ತಕ್ಕದ್ದಲ್ಲ ಎಲ್ಲಾ ಬರೆದುಕೊಳ್ಳಿ, ಅದರ ಕೆಳಗೆ ಸಾಹುಕಾರರು ಆಡಿದ ಮಾತನ್ನು ಆಡಿದ ಹಾಗೇ ಅಂಟಿಸಿ. "ಅಯ್ಯೋ ಸಾರ್, ಮನೆ ಜಗಳಾನೆಲ್ಲ ಡಾಕ್ಯುಮೆಂಟಲ್ಲಿ ಹಾಕೋದಾ?" ಎನ್ನುತ್ತಾರೆ ಅನಲಿಸ್ಟ್. ಭಾವಮೈದ ಅಂತ ಬೇಡ ಕಣಪ್ಪ, "ಕೌಂಟರಿನಲ್ಲಿ ಕೂತವರು" ಅಂತ ಹಾಕು. ಮಿಕ್ಕಿದ್ದನ್ನು ಮುಟ್ಟಬೇಡ, ಕಾಗುಣಿತವನ್ನೂ.