ತಾಲ್ಲೂಕು ಸುದ್ದಿಯ ಸಂಧಿಪ್ರಕರಣ

ಕನ್ನಡ ಪತ್ರಿಕೋದ್ಯಮದ ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ತಾಲ್ಲೂಕು ಸುದ್ದಿಯೆಂಬ ಸಂಕಥನದ ಆಕೃತಿಯನ್ನು ತಾತ್ವಿಕ ನೆಲೆಗಟ್ಟಿನ ಮೇಲೆ ನಿಲ್ಲಿಸಿ, ಅದರ ಯಾಜಮಾನ್ಯದ ಸ್ವರೂಪದೊಂದಿಗೆ ಅನುಸಂಧಾನಕ್ಕೆ ತೊಡಗುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಈ ವಾಕ್ಯದ ಅರ್ಥ ಪ್ರಬಂಧಕಾರನಿಗೂ ಆಗಿಲ್ಲ. ಆದರೆ ವರ್ಷವರ್ಷವೂ ಪತ್ರಿಕಾ ದಿನಾಚರಣೆಯ ವಿಚಾರ ಸಂಕಿರಣದಲ್ಲಿ ಇಂಥವನ್ನು ಕೇಳಿ, ಚಪ್ಪಾಳೆ ತಟ್ಟಿ, ಶಾಲು ಹೊದ್ದವರ ಫೋಟೊ ತೆಗೆದು, ಉಪ್ಪಿಟ್ಟು ತಿಂದು ಬಂದವನಿಗೆ ಇಂಥದೊಂದನ್ನು ತಾನೂ ಬರೆಯುವ ಹಕ್ಕಿದೆ.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರೆಂದು ಉದ್ಘಾಟಕರು ಹೇಳುತ್ತಾರೆ. ಅಧ್ಯಕ್ಷರು ಅದನ್ನೇ ಹೇಳುತ್ತಾರೆ. ಮುಖ್ಯ ಅತಿಥಿಗಳು ‘ಈಗಾಗಲೇ ಹೇಳಿದಂತೆ’ ಎಂದು ಮತ್ತೊಮ್ಮೆ ಹೇಳುತ್ತಾರೆ. ಪತ್ರಿಕೆ ಪ್ರಜಾಪ್ರಭುತ್ವದ ನಾಲ್ಕನೇ ಅಂಗ ಎಂಬಲ್ಲಿಗೆ ಮೂವರೂ ಬಂದು ಮುಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಆ ಅಂಗದ ತಾಲ್ಲೂಕು ಪ್ರತಿನಿಧಿಗೆ ತಿಂಗಳುಗಳಿಂದ ಗೌರವಧನ ಬಂದಿಲ್ಲ ಎಂಬುದು ಸಂಕಿರಣದ ವ್ಯಾಪ್ತಿಗೆ ಬರುವುದಿಲ್ಲ.

ಸ್ಥಳೀಯ ಪತ್ರಿಕೆಯ ಅವನತಿಗೆ ಮೊಬೈಲು, ವಾಟ್ಸಾಪು, ಓದುವ ಹವ್ಯಾಸದ ಕುಸಿತ ಕಾರಣವೆಂದು ಪೂರ್ವಸೂರಿಗಳು ಸಾರಿದ್ದಾರೆ. ಇದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಅವನತಿಯಾದದ್ದು ವ್ಯಾಕರಣದಿಂದ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ವ್ಯಾಕರಣ ಬರೆದು ನುಡಿಗೆ ಮಾಡಿಟ್ಟ ಉಪಕಾರವನ್ನು ಸುದ್ದಿಗೆ ಇದುವರೆಗೆ ಯಾರೂ ಮಾಡಿರಲಿಲ್ಲ. ಆ ಕೊರತೆಯನ್ನು ಈ ಪ್ರಬಂಧ ಏಳು ಪ್ರಕರಣಗಳಲ್ಲಿ ತುಂಬಲಿದೆ. ಮೊದಲನೆಯದು ಸಂಧಿ. ಸುದ್ದಿಸಂಧಿಯೂ ಕನ್ನಡ ಸಂಧಿಯಂತೆ ಲೋಪ, ಆಗಮ, ಆದೇಶ ಎಂದು ಮೂರು ಬಗೆ.

ಸೂತ್ರ: ಸುದ್ದಿಗೆ ಜಾಹೀರಾತು ಪರವಾದಾಗ ಕರ್ತೃಪದಕ್ಕೆ ಲೋಪ. ‘ಗುತ್ತಿಗೆದಾರರು ಮರಳಿನ ಬದಲು ಎಂ-ಸ್ಯಾಂಡ್ ದೂಳು ಹಾಕಿ ಚರಂಡಿ ಕಟ್ಟಿದ್ದಾರೆ’ ಎಂಬುದು ಮೂಲರೂಪ. ಅದೇ ಪುಟದ ಅಡಿಯಲ್ಲಿ ಗುತ್ತಿಗೆದಾರರ ದೀಪಾವಳಿ ಶುಭಾಶಯ ಬಂದು ಕೂತೊಡನೆ ‘ಚರಂಡಿ ಕಾಮಗಾರಿ ಕಳಪೆಯಾಗಿದೆ ಎಂಬ ಆರೋಪ ಕೇಳಿಬಂದಿದೆ’ ಎಂದಾಗುತ್ತದೆ. ಯಾರು ಮಾಡಿದರು, ಯಾರು ಆರೋಪಿಸಿದರು, ಯಾರ ಕಿವಿಗೆ ಕೇಳಿಬಂತು? ಚರಂಡಿ ತನ್ನನ್ನು ತಾನೇ ಕಳಪೆ ಮಾಡಿಕೊಂಡು ಅಪರಾಧಿಭಾವದಿಂದ ಬಿದ್ದಿದೆ. ಲೋಪಸಂಧಿಗೆ ರಾಷ್ಟ್ರಮಟ್ಟದ ಪ್ರಯೋಗವೂ ಉಂಟು. ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಪತ್ರಿಕೆಗಳ ಹೆಸರುಗಳ ಸಮೇತ ವರದಿ ಬರೆಯಿತು. 2010ರಲ್ಲಿ ಮಂಡಳಿ ಹೆಸರುಗಳನ್ನು ಕೈಬಿಟ್ಟು ಸಂಕ್ಷೇಪವನ್ನಷ್ಟೇ ಹೊರಬಿಟ್ಟಿತು. ಪೂರ್ತಿ ವರದಿ ಹೊರಬರಲು ಮರುವರ್ಷ ಕೇಂದ್ರ ಮಾಹಿತಿ ಆಯೋಗವೇ ಆದೇಶಿಸಬೇಕಾಯಿತು.

ಆಗಮಸಂಧಿ ಸುಲಭ. ಇಲ್ಲದ್ದು ನಡುವೆ ಬಂದು ಸೇರುವುದು ಆಗಮ. ವ್ಯಾಕರಣದಲ್ಲಿ ಯಕಾರ, ವಕಾರ ಬರುತ್ತವೆ. ತಾಲ್ಲೂಕಿನಲ್ಲಿ ಶಾಸಕರ ಹುಟ್ಟುಹಬ್ಬ ಬರುತ್ತದೆ. ನಾಲ್ಕು ಕಾಲಮ್ಮಿನ ಬೆಳೆಹಾನಿ ಸುದ್ದಿ ಆಗಮದ ಒತ್ತಡಕ್ಕೆ ಮೂರು ಸಾಲಾಗಿ ಮೂಲೆ ಸೇರುತ್ತದೆ. ಪುಟದ ತುಂಬ ಅಭಿಮಾನಿ ಬಳಗದವರ ಸ್ಟ್ಯಾಂಪ್ ಸೈಜಿನ ಫೋಟೊಗಳು. ಎಲ್ಲರದೂ ಕೂಲಿಂಗ್ ಗ್ಲಾಸು.

ಆದೇಶಸಂಧಿಯೇ ಶಾಸ್ತ್ರದ ಶಿಖರ. ಮಳೆ, ಕಾಲ ಸೇರಿ ಮಳೆಗಾಲವಾಗುವಾಗ ಪರುಷಾಕ್ಷರದ ಜಾಗಕ್ಕೆ ಸರಳಾಕ್ಷರ ಬರುವುದನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಇಲ್ಲಿ ಆದೇಶ ಜಾಹೀರಾತು ವಿಭಾಗದಿಂದ ಫೋನಿನಲ್ಲಿ ಬರುತ್ತದೆ. ‘ನುಂಗಿದರು’ ಎಂಬ ಪರುಷಕ್ಕೆ ‘ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಿದೆ’ ಎಂಬ ಸರಳ. ‘ಕುರ್ಚಿ ಎಸೆದಾಡಿದರು’ ಎಂಬಲ್ಲಿ ‘ಮಾತಿನ ಚಕಮಕಿ ನಡೆಯಿತು’. ಮೂರು ತಾಸು ಮಕ್ಕಳನ್ನು ಬಿಸಿಲಲ್ಲಿ ಕಾಯಿಸಿ, ಬಂದು, ಹತ್ತು ನಿಮಿಷದಲ್ಲಿ ಎದ್ದು ಹೋದವರಿಗೆ ‘ಬಿಡುವಿಲ್ಲದ ಕಾರ್ಯಕ್ರಮಗಳ ನಡುವೆಯೂ ಆಗಮಿಸಿ ಸಸಿಗೆ ನೀರೆರೆದು ಚಾಲನೆ ನೀಡಿದರು’. ಕಡೆಗೆ ‘ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು’ ಎಂಬುದು ನಿತ್ಯಪ್ರತ್ಯಯ. ಅದು ಹತ್ತದ ಸುದ್ದಿ ಅಪಶಬ್ದ.

ಎರಡನೆಯದು ವಿಭಕ್ತಿ. ಪ್ರಥಮಾ ಶಾಸಕರು. ದ್ವಿತೀಯಾ, ಅವರು ಲೋಕಾರ್ಪಣೆ ಮಾಡಿದ್ದು. ತೃತೀಯಾ, ಯಾರಿಂದ ಕವರ್ ಬಂತೋ ಅವರು. ಚತುರ್ಥೀ, ಯಾರಿಗೆ ಬಂತೋ ಅವರು. ಪಂಚಮಿ ಕನ್ನಡದಲ್ಲಿ ಇದೆಯೋ ಇಲ್ಲವೋ ಎಂದು ಪಂಡಿತರೇ ಇನ್ನೂ ಜಗಳವಾಡುತ್ತಿರುವುದರಿಂದ ಪ್ರಬಂಧಕಾರ ಇಲ್ಲಿಗೆ ನಿಲ್ಲಿಸುತ್ತಾನೆ. ಸಮಾಸ, ತದ್ಧಿತ, ಕೃದಂತಗಳನ್ನೂ ಬಿಟ್ಟಿದ್ದೇನೆ. ನಗು ಬರುತ್ತಿಲ್ಲ.

ಯಾಕೆಂದರೆ ಆ ಚರಂಡಿಯ ಮೂಲರೂಪವನ್ನು ಬರೆದ ಹುಡುಗ ನನಗೆ ಗೊತ್ತು. ಅವನು ಬಿಡಿ ಸುದ್ದಿಗಾರ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಲೆಕ್ಕ. ಪೆಟ್ರೋಲು ಅವನದೇ. ವರ್ಷಕ್ಕೆ ಮೂರು ಪುರವಣಿ, ಪ್ರತಿ ಪುರವಣಿಗೂ ಜಾಹೀರಾತಿನ ಟಾರ್ಗೆಟ್. ಹಾಗಾಗಿ ಚರಂಡಿಯ ಫೋಟೊ ತೆಗೆದ ಮರುವಾರ ಅದೇ ಗುತ್ತಿಗೆದಾರರ ಮನೆಯ ಜಗಲಿಯಲ್ಲಿ ರಸೀದಿ ಪುಸ್ತಕ ಹಿಡಿದು ನಿಂತಿದ್ದ.

“ಏನಪ್ಪಾ, ನನ್ನ ಚರಂಡಿ ಫೋಟೊ ಹೊಡಕೊಂಡು ಹೋದೆಯಂತೆ?”

“ಅಯ್ಯೋ, ನಾನಲ್ಲಣ್ಣ. ಬೇರೆ ಪೇಪರ್‌ನೋರು.”

ಅರ್ಧ ಪುಟ ಕೊಟ್ಟರು. ಕಾಫಿಯನ್ನೂ ಕೊಟ್ಟರು. ಫೋಟೊ ಅವನ ಮೊಬೈಲಿನಲ್ಲೇ ಉಳಿಯಿತು. ಇವನನ್ನು ಭ್ರಷ್ಟ ಎನ್ನುವ ಧೈರ್ಯ ನನಗಿಲ್ಲ. ಕಾರ್ಯನಿರತ ಪತ್ರಕರ್ತರಿಗೆಂದು 1955ರಲ್ಲೇ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಇವನ ಬಳಿ ನೇಮಕಾತಿ ಪತ್ರವೇ ಇಲ್ಲದಿರುವಾಗ ಯಾವ ವೇತನ, ಯಾವ ಮಂಡಳಿ? ಬೈಕಿನ ಮೇಲೆ ‘ಪ್ರೆಸ್’ ಎಂಬ ಸ್ಟಿಕ್ಕರ್ ಇದೆ. ಅದನ್ನೂ ಅವನೇ ಮಾಡಿಸಿದ್ದು.

1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಬಾಯಿ ಕಟ್ಟಲು ಕಾನೂನು ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಆಗ ಬಾಯಿ ಕಟ್ಟಲು ದಿವಾನರ ಸರ್ಕಾರವೇ ಬೇಕಾಯಿತು. ಈಗ ಪತ್ರಿಕೆ ದಿನಾ ಬರುತ್ತದೆ, ಬಣ್ಣದಲ್ಲಿ ಬರುತ್ತದೆ, ಬೆಳಿಗ್ಗೆ ಐದಕ್ಕೇ ಪಿಡಿಎಫ್ ಆಗಿಯೂ ಬರುತ್ತದೆ, ಆದರೆ ನೀರಿನ ಪೈಪಿಗೆಂದು ಅಗೆದು ಮುಚ್ಚದೆ ಬಿಟ್ಟ ನಮ್ಮ ಬೀದಿ ಅದರಲ್ಲಿ ಬರುವುದಿಲ್ಲ. ಅಪಾರ ಬಂಧುಬಳಗವನ್ನು ಅಗಲಿದವರು ಬರುತ್ತಾರೆ. ಸನ್ಮಾನ ಸ್ವೀಕರಿಸಿದವರು ಬರುತ್ತಾರೆ. ನೀರಿನ ಕರ ಏರಿಸಿದ್ದು ಯಾವ ಸಭೆಯಲ್ಲಿ, ವಿರೋಧಿಸಿದ ಸದಸ್ಯರು ಯಾರು, ಟೆಂಡರ್ ಯಾರ ಪಾಲಾಯಿತು, ಇವು ಬರುವುದಿಲ್ಲ. ಇವನ್ನು ತಿಳಿಯಲು ಒಬ್ಬ ಮನುಷ್ಯ ಇಡೀ ಮಧ್ಯಾಹ್ನ ಸಭೆಯಲ್ಲಿ ಕೂತು ಆಕಳಿಸುತ್ತ ಬರೆದುಕೊಳ್ಳಬೇಕು. ಆಕಳಿಸುವುದಕ್ಕೆ ಯಾವ ಮಾಲೀಕರೂ ಸಂಬಳ ಕೊಡುವುದಿಲ್ಲ. ನಮ್ಮ ಪುರಸಭೆಯ ಸಭಾಂಗಣದಲ್ಲಿ ಪತ್ರಕರ್ತರಿಗೆಂದು ಹಾಕಿದ ಕುರ್ಚಿಗಳಲ್ಲಿ ಈಗ ಸದಸ್ಯರ ಯಜಮಾನರು ಕೂರುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ಪುರಸಭೆಯ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ನಿಮ್ಮೂರಲ್ಲಿ ಯಾವಾಗ ನಡೆಯಿತೆಂದು ತಿಳಿದುಕೊಂಡು ಮರುದಿನದ ಪತ್ರಿಕೆ ತೆಗೆಯಿರಿ. ಅದರ ಬಗ್ಗೆ ಒಂದಕ್ಷರ ಇರದಿದ್ದರೆ ತಾಲ್ಲೂಕಿನ ಹುಡುಗನನ್ನು ಬೈಯಬೇಡಿ, ಸಂಪಾದಕರನ್ನು ಕೇಳಿ. ಅವರ ಹೆಸರು, ಪತ್ರಿಕೆಯ ವಿಳಾಸ ಎರಡೂ ಪ್ರತಿ ಸಂಚಿಕೆಯಲ್ಲಿ ಪುಟದ ಅಡಿಯಲ್ಲೆಲ್ಲೋ ಸಣ್ಣಕ್ಷರದಲ್ಲಿರುತ್ತವೆ. ಕಾನೂನಿದೆಯಾದ್ದರಿಂದ ಅದನ್ನು ಮಾತ್ರ ಯಾರೂ ಲೋಪ ಮಾಡುವಂತಿಲ್ಲ.