ಎರಡೂ ಹೆಣ್ಣು

ಮೊಮ್ಮಗ ಹೊಸಪೇಟೆಯ ಅಂಗಡಿಯೊಂದರಿಂದ ಎರಡು ಗಪ್ಪಿ ಮೀನು ತಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: 'ಗಂಡೆಷ್ಟು, ಹೆಣ್ಣೆಷ್ಟು?' ಮೂವತ್ತು ವರ್ಷ ಮೇಷ್ಟ್ರಾಗಿ ಹಾಜರಿ ಹಾಕಿದವನು, ಜನಗಣತಿಗೆಂದು ಮನೆಮನೆ ತಿರುಗಿದವನು. ಬಾಯಿಗೆ ಅದೇ ಬರುತ್ತದೆ.

'ಎರಡೂ ಹೆಣ್ಣು ತಾತ, ಅಂಗಡಿಯವ್ರು ಗ್ಯಾರಂಟಿ ಕೊಟ್ಟಾರ.'

ಗ್ಯಾರಂಟಿ ಸುಳ್ಳಾಗಲಿಲ್ಲ. ಎರಡೂ ಹೆಣ್ಣೇ. ಇಪ್ಪತ್ತನೇ ದಿನ ಬೆಳಿಗ್ಗೆ ನೋಡಿದರೆ ಗಾಜಿನ ತೊಟ್ಟಿಯಲ್ಲಿ ಜೀರಿಗೆ ಚೆಲ್ಲಿದಂತೆ ಮರಿಗಳು. ಎಣಿಸಿದೆ, ಮೂವತ್ತೆರಡು.

'ಗಂಡಿಲ್ಲದ ಮನ್ಯಾಗ ಇದೆಂಥಾದ್ರೀ?' ಎಂದು ನನ್ನಾಕೆ ನನ್ನನ್ನೇ ನೋಡಿದಳು.

ಓದಿ ತಿಳಿದುಕೊಂಡೆ. ಹೆಣ್ಣು ಗಪ್ಪಿ ಒಮ್ಮೆ ಗಂಡಿನ ಜೊತೆ ಸೇರಿದರೆ ಸಾಕು, ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕೂಡಿಟ್ಟುಕೊಂಡು ಹೆಚ್ಚುಕಡಿಮೆ ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಮೊಟ್ಟೆಯ ಗೋಜಿಲ್ಲ, ಹುಟ್ಟುತ್ತಲೇ ಈಜು. ಅಂದರೆ ಸಂಸಾರ ನಡೆದದ್ದು ಹೊಸಪೇಟೆಯಲ್ಲಿ, ಬಾಣಂತನ ನಮ್ಮೂರು ಎಮ್ಮಿಗನೂರಿನಲ್ಲಿ. 1866ರಲ್ಲಿ ಟ್ರಿನಿಡಾಡ್ ದ್ವೀಪದಿಂದ ಲಂಡನ್ನಿಗೆ ಈ ಮೀನನ್ನು ಕಳಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬಾತನ ಹೆಸರು ಇದಕ್ಕೆ ಅಂಟಿಕೊಂಡಿತು. ಹೆಸರು ಅವನದು, ಖರ್ಚು ನನ್ನದು.

ಅಷ್ಟರಲ್ಲಿ ತಾಯಿಯೇ ಮರಿಗಳನ್ನು ಒಂದೊಂದಾಗಿ ನುಂಗತೊಡಗಿತು. 'ಅದರ ಧರ್ಮ ಅದು ಮಾಡ್ತೈತಿ, ಬಿಡ್ರಿ' ಎಂದಳು ನನ್ನಾಕೆ. ನನಗೆ ಸಮಾಧಾನವಾಗಲಿಲ್ಲ. ತೊಟ್ಟಿ ಕೊಂಡವನು ನಾನು, ಮರಿ ಅಡಗಲು ಒಂದೆಳೆ ಪಾಚಿಯನ್ನೂ ಇಡದವನು ನಾನು. ಆಮೇಲೆ ಧರ್ಮ ಮಾತ್ರ ಮೀನಿನದೇ? ಚಹಾ ಸೋಸುವ ಜಾಲರಿಯಲ್ಲಿ ಮರಿಗಳನ್ನೆತ್ತಿ ಬಕೆಟ್ಟಿಗೆ ಹಾಕಿದೆ. ಆವತ್ತು ನನಗೆ ಚಹಾ ಸಿಗಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆಯೂ ಆಸರೆಗೆ ಬರಲಿಲ್ಲ. ಇವಕ್ಕೆ ಹುಲ್ಲು ಬೇಡ, ಬೇಯಿಸಿದ ಮೊಟ್ಟೆಯ ಹಳದಿ ಬೇಕು, ಅದೂ ಪುಡಿ ಮಾಡಿ.

'ಕಾಲುವ್ಯಾಗ ಬಿಟ್ಟುಬಿಡ್ರಿ ಸರ, ಪುಣ್ಯ ಬರ್ತೈತಿ' ಎಂದರು ಎದುರುಮನೆಯವರು. ಎಲ್‌ಎಲ್‌ಸಿ ಎಂಬ ತುಂಗಭದ್ರೆಯ ಕೆಳಮಟ್ಟದ ಕಾಲುವೆಗೆ ಬಿಟ್ಟರೆ ಅವು ಕರ್ನೂಲು ಜಿಲ್ಲೆಯಲ್ಲಿ ನಮ್ಮೂರಿನದೇ ಹೆಸರಿನ ಇನ್ನೊಂದು ಎಮ್ಮಿಗನೂರಿನ ದಾರಿ ಹಿಡಿದಾವು. ಹೆಸರು ಒಂದೇ ಆದ್ದರಿಂದ ಆ ಊರಿನ ಪಾರ್ಸೆಲ್ಲು ದಾರಿತಪ್ಪಿ ನಮ್ಮೂರಿಗೆ ಬಂದ ಸೇಡು ತೀರೀತೆಂದು ಒಂದು ಗಳಿಗೆ ಆಸೆಯಾದದ್ದು ನಿಜ. ಹೊಳೆಗೆ ಬಿಡೋಣವೆಂದರೆ, ತುಂಗಭದ್ರಾ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳಿಗೆ ಮೀಸಲು. ಪರದೇಶದ ಮೀನಿನ ಪುಣ್ಯ ಎಂಥದೆಂದು ಜಿಲೇಬಿ ಮೀನೇ ಹೇಳುತ್ತದೆ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕಾದ ತಿಲಾಪಿಯ ಅದು. ಬೇಡವೆಂದರೂ ಬಲೆಗೆ ಮೊದಲು ಬೀಳುವುದು ಅದೇ.

ದಾನ ಕೊಡೋಣವೆಂದರೂ ಗಿರಾಕಿಯಿಲ್ಲ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರೇ ಗಪ್ಪಿಯನ್ನು ಪುಕ್ಕಟೆ ಬಿಡುತ್ತಾರೆ. ನಾನು ಬಾಟಲಿ ಹಿಡಿದು ಬೀದಿಗಿಳಿದರೆ ಜನ ಫೋನು ಬಂದವರಂತೆ ಒಳಗೆ ಹೋಗುತ್ತಿದ್ದರು.

ಇದರ ನಡುವೆ ಮೊಮ್ಮಗ ಮೊಬೈಲಿನಲ್ಲಿ ಆಕ್ಸೊಲಾಟ್ಲ್ ತೋರಿಸಿ 'ತಾತ, ಇದು ಬೇಕು' ಎಂದ. ನಾಲ್ಕು ಕಾಲು, ತಲೆಯ ಎರಡೂ ಬದಿ ಗರಿಯಂಥ ಕಿವಿರು, ಸದಾ ನಗುಮುಖ. ಮೆಕ್ಸಿಕೋ ನಗರದ ಸೋಚಿಮಿಲ್ಕೊ ಕಾಲುವೆಗಳ ಜೀವಿಯಂತೆ. ಒಂದೇ ಸಲಕ್ಕೆ ನೂರಾರು ಮೊಟ್ಟೆ, ಅಣ್ಣ-ತಂಗಿ ಎಂಬ ಲೆಕ್ಕವಿಲ್ಲ. ಊರೂರಿನ ಗಾಜಿನ ತೊಟ್ಟಿಗಳಲ್ಲಿ ಹೆಚ್ಚಿ ಸಾಕುವವರಿಗೆ ಸಾಕುಸಾಕಾದರೆ, ತವರಿನಲ್ಲಿ ಅಳಿವಿನಂಚಿನಲ್ಲಿದೆ. ಅಲ್ಲಿ ಇದರ ಮೊಟ್ಟೆ-ಮರಿ ತಿಂದು ಬೆಳೆಯುವವರ ಪೈಕಿ ನಮ್ಮ ಜಿಲೇಬಿಯ ಬಳಗವೂ ಇದೆ!

'ಮೊದಲು ಈ ಗಪ್ಪಿಗಳ ಮದುವೆ ತಡೆಯೋಣ ಬಾ' ಎಂದೆ.

ನಾವಿಬ್ಬರು ನಮಗಿಬ್ಬರು ಎಂಬ ಗೋಡೆಬರಹ ಓದುತ್ತ ಪ್ರಾಯ ಕಳೆದವನು ನಾನು. ತಿಂಗಳು ತುಂಬುವುದರೊಳಗೆ ಭೂತಗನ್ನಡಿ ಹಿಡಿದು ಕೂತೆ. ಹೊಟ್ಟೆಯ ಹಿಂಬದಿ ಕಪ್ಪು ಮಚ್ಚೆಯಿದ್ದರೆ ಹೆಣ್ಣು; ಬಾಲಕ್ಕೆ ಬಣ್ಣ ಬರುತ್ತಿದ್ದರೆ ಗಂಡು. ಹದಿನೇಳನೆಯದನ್ನು ಬೇರ್ಪಡಿಸುವ ಹೊತ್ತಿಗೆ ತಾಯಿ ಎರಡನೇ ಹೆರಿಗೆ ಮುಗಿಸಿತ್ತು.

ಈಗ ಪಡಸಾಲೆಯಲ್ಲಿ ಎರಡು ತೊಟ್ಟಿ, ನಡುವೆ ನನ್ನ ಕುರ್ಚಿ. ಕಂಪ್ಲಿ ಕಡೆ ಬಂದರೆ ಖಾಲಿ ಬಾಟಲಿ ತನ್ನಿ. ಗಂಡನ್ನಷ್ಟೇ ಕೊಡುತ್ತೇನೆ. ಗ್ಯಾರಂಟಿ ಮಾತ್ರ ಕೇಳಬೇಡಿ.