ಮೊಳದ ಲೆಕ್ಕ

ಅಣ್ಣತಮ್ಮಂದಿರು ಬಡಿದಾಡಿದರೆ ಏನಾಗುತ್ತದೆ ಎಂಬುದು ಪೋಲೆಂಡಿನ ದೊರೆ ಸೊಟ್ಟಬಾಯಿ ಬೊಲೆಸ್ಲಾವನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣ ಜ್ಬಿಗ್ನಿಯೆವ್‌ನನ್ನು ಕುರುಡು ಮಾಡಿಸಿದವನೇ ಅವನು. ಆ ಅನುಭವದ ಬಲದ ಮೇಲೆ, ತನ್ನ ಮಕ್ಕಳಾದರೂ ಕೂಡಿ ಬಾಳಲಿ ಎಂದು ರಾಜ್ಯವನ್ನೇ ಪಾಲು ಮಾಡಿಟ್ಟು 1138ರಲ್ಲಿ ಕಣ್ಣು ಮುಚ್ಚಿದ. ಅಣ್ಣನ ಕಣ್ಣನ್ನು ಮುಚ್ಚಿಸಬೇಕಾಯಿತು, ತನ್ನದು ತಾನಾಗಿಯೇ ಮುಚ್ಚಿತು.

ಪಾಲುಪಟ್ಟಿ ನೋಡಿದರೆ ಯಾವ ವಕೀಲನೂ ತಲೆದೂಗಬೇಕು. ಹಿರಿಯ ವ್ಲಾಡಿಸ್ಲಾವನಿಗೆ ಸಿಲೇಸಿಯಾ, ಗುಂಗುರುಗೂದಲ ಬೊಲೆಸ್ಲಾವನಿಗೆ ಮಜೋವಿಯಾ, ಮಿಯೆಶ್ಕೊಗೆ ಪಶ್ಚಿಮದ ಪೋಜ್ನಾನ್ ಸೀಮೆ, ವಿಧವೆ ಸಲೊಮೆಯಾಗೆ ಬದುಕಿರುವ ತನಕ ಲೆಂಚಿತ್ಸಾ. ಇವೆಲ್ಲದರ ಮೇಲೆ ಕ್ರಾಕೋವ್: ಮನೆತನದಲ್ಲಿ ಯಾರು ಹಿರಿಯನೋ ಅವನಿಗೆ ಅದು, ಉಳಿದವರು ಅವನ ಮಾತು ಕೇಳಬೇಕು. ಹಿರಿಯರ ಮಾತು ಕೇಳುವ ಈ ಏರ್ಪಾಡು ಎಂಟೇ ವರ್ಷ ನಡೆಯಿತು. 1146ರಲ್ಲಿ ತಮ್ಮಂದಿರು ಸೇರಿ ಹಿರಿಯಣ್ಣನನ್ನು ದೇಶದಿಂದಲೇ ಅಟ್ಟಿದರು. ಇತಿಹಾಸದಲ್ಲಿ ಅವನ ಹೆಸರು ದೇಶಭ್ರಷ್ಟ ವ್ಲಾಡಿಸ್ಲಾವ್. ಸಿಕ್ಕ ಪಾಲೆಲ್ಲ ಕೈಬಿಟ್ಟಿತು, ಹೆಸರೊಂದು ಉಳಿಯಿತು.

ಆಮೇಲೆ ಮಿಯೆಶ್ಕೊನ ಸರದಿ. ಅವನನ್ನು 1177ರಲ್ಲಿ ಕ್ರಾಕೋವಿನಿಂದ ಇಳಿಸಿದವನು ಕಡೆಯ ತಮ್ಮ ಕಾಜಿಮಿರ್. ಅಪ್ಪನ ಪಾಲುಪಟ್ಟಿಯಲ್ಲಿ ಅವನಿಗೆ ಒಂದಂಗುಲ ನೆಲವೂ ಇರಲಿಲ್ಲ. ಏನೂ ಇಲ್ಲದವನು ಎಲ್ಲ ಕಿತ್ತುಕೊಂಡಿದ್ದಕ್ಕೆ ಜನ ಅವನನ್ನು ‘ನ್ಯಾಯವಂತ ಕಾಜಿಮಿರ್’ ಎಂದು ಕರೆದರು. ಮಿಯೆಶ್ಕೊ ಸುಮ್ಮನಾಗಲಿಲ್ಲ, 1202ರಲ್ಲಿ ಸಾಯುವ ತನಕ ಆ ಗದ್ದುಗೆಗೆ ಎಡತಾಕುತ್ತಲೇ ಇದ್ದ. ಅವನ ಬಿರುದು ‘ಮುದುಕ’.

ಮಕ್ಕಳಿಗೆ ಮಕ್ಕಳಾದರು, ಪಾಲಿಗೆ ಪಾಲಾಯಿತು. ಡ್ಯೂಕರು ಎಷ್ಟು ಹೆಚ್ಚಿದರೆಂದರೆ ಸಾಧನೆ ಹೇಳಿ ಗುರುತಿಸುವುದು ಆಗದ ಮಾತಾಯಿತು. ಅಂಗಾಂಗ ಹಿಡಿದು ಗುರುತಿಸಬೇಕಾಯಿತು. ಗಡ್ಡದ ಹೆನ್ರಿಕ್, ಕಡ್ಡಿಕಾಲ ವ್ಲಾಡಿಸ್ಲಾವ್, ಬೋಳ ಬೊಲೆಸ್ಲಾವ್, ಡೊಳ್ಳುಹೊಟ್ಟೆ ಹೆನ್ರಿಕ್. ಮುಂದೆ ಸಿಲೇಸಿಯಾದ ಒಲೆಶ್ನಿತ್ಸಾ ಮನೆತನದಲ್ಲಿ ಈ ಉಪಾಯವೂ ಸೋತಿತು. ಅಲ್ಲಿ ಅಪ್ಪ ಕೊನ್ರಾಡ್, ಅಜ್ಜ ಕೊನ್ರಾಡ್, ಮುತ್ತಜ್ಜ ಕೊನ್ರಾಡ್. ಹುಟ್ಟಿದ ಐದು ಗಂಡುಮಕ್ಕಳೂ ಕೊನ್ರಾಡರೇ. ತಾಯಿ ಒಂದು ಸಲ ಕೂಗಿದರೆ ಐವರೂ ಊಟಕ್ಕೆ ಬರುತ್ತಿದ್ದರು. ಪಾಲು ಎಂದರಂತೂ ಕೂಗುವುದೇ ಬೇಡ.

ರಾಜಿ ಪಂಚಾಯಿತಿಗಳೂ ನಡೆದವು. 1227ರಲ್ಲಿ ಗೊನ್ಸಾವಾ ಎಂಬಲ್ಲಿ ಡ್ಯೂಕರು ಮಾತುಕತೆಗೆ ಕೂಡಿದರು. ಆ ಕೂಟದ ಮೇಲೆಯೇ ದಾಳಿಯಾಗಿ ಕ್ರಾಕೋವಿನ ಲೆಶೆಕ್ ಸತ್ತ, ಗಡ್ಡದ ಹೆನ್ರಿಕ್ ಗಾಯಗೊಂಡ. ಲೆಶೆಕ್ ಸ್ನಾನದ ಮನೆಯಿಂದ ಬತ್ತಲೆ ಕುದುರೆ ಹತ್ತಿ ಓಡಿದನಂತೆ. ಅವನ ತಮ್ಮ, ಮಜೋವಿಯಾದ ಕೊನ್ರಾಡ್, ಅಷ್ಟರಲ್ಲಿ ಇನ್ನೂ ದೊಡ್ಡ ಕೆಲಸ ಮಾಡಿ ಮುಗಿಸಿದ್ದ. ನೆರೆಯ ಪ್ರಷ್ಯನ್ನರ ಕಾಟ ತಾಳಲಾರದೆ 1226ರ ಹೊತ್ತಿಗೆ ಟ್ಯೂಟಾನಿಕ್ ನೈಟರೆಂಬ ಜರ್ಮನ್ ಧರ್ಮಯೋಧರನ್ನು ಕರೆಸಿದ್ದ. ಇಲಿಯ ಕಾಟಕ್ಕೆ ಮನೆಯೊಳಗೆ ಹಾವು ಬಿಟ್ಟುಕೊಂಡ ಹಾಗೆ. ಇಲಿ ಹೋಯಿತು. ಹಾವಿನ ಹೆಡೆ ಮೆಟ್ಟಲು 1410ರ ಗ್ರುನ್ವಾಲ್ಡ್ ಕದನದವರೆಗೆ ಕಾಯಬೇಕಾಯಿತು.

ದಾಯಾದಿ ಪ್ರೀತಿಯ ಶಿಖರ ಮಾತ್ರ 1293ರದ್ದು. ಲೆಗ್ನಿತ್ಸಾದ ಡೊಳ್ಳುಹೊಟ್ಟೆ ಹೆನ್ರಿಕನನ್ನು ಅವನ ಚಿಕ್ಕಪ್ಪನ ಮಗ, ಗ್ವೊಗುವ್‌ನ ಹೆನ್ರಿಕ್, ಹಿಡಿದು ಕಬ್ಬಿಣದ ಪಂಜರಕ್ಕೆ ಹಾಕಿದ. ನಿಲ್ಲಲೂ ಆಗದ, ಮಲಗಲೂ ಆಗದ ಪಂಜರ. ತಿಂಗಳುಗಟ್ಟಲೆ ಕೊಳೆತ ಮೇಲೆ ಆಸ್ತಿಯ ದೊಡ್ಡ ಭಾಗ ಬರೆದುಕೊಟ್ಟು ಹೊರಬಂದ. ಬೇಲಿ ಒತ್ತುವವರನ್ನು ನಾವು ನೋಡಿದ್ದೇವೆ. ಬೇಲಿಯನ್ನೇ ದಾಯಾದಿಯ ಮೈಗೆ ಸುತ್ತಿದವನು ಇವನೊಬ್ಬನೇ.

ನೆಲ ಒಡೆದಂತೆ ಚೂರಾಗುತ್ತದೆ, ಬಿರುದು ಮಾತ್ರ ಒಡೆಯುವುದಿಲ್ಲ. ಸಿಲೇಸಿಯಾದ ಒಂದು ಪೇಟೆ, ನಾಲ್ಕು ಹಳ್ಳಿ ಆಳುವವನೂ ‘ಸಿಲೇಸಿಯಾದ ಡ್ಯೂಕ್’ ಎಂದೇ ಸಹಿ ಹಾಕುತ್ತಿದ್ದ. ಕಡೆಗೆ ರಾಜ್ಯಕ್ಕಿಂತ ಸಹಿಯೇ ಉದ್ದವಾಯಿತು.

ಇಷ್ಟೆಲ್ಲ ಆಜಾನುಬಾಹುಗಳು ಒಡೆದದ್ದನ್ನು ಕೂಡಿಸಿದವನು ಯಾರು? ವ್ಲಾಡಿಸ್ಲಾವ್ ಲೊಕಿಯೆಟೆಕ್. ಕನ್ನಡದಲ್ಲಿ ಹೇಳುವುದಾದರೆ ಮೊಳದುದ್ದದ ವ್ಲಾಡಿಸ್ಲಾವ್. ಮನೆಮಂದಿಯೆಲ್ಲ ಮೊಳ ಹಾಕಿ ಹರಿದ ನೆಲವನ್ನು ಮೊಳದ ಮನುಷ್ಯನೊಬ್ಬ ಹೊಲಿಯಬೇಕಾಯಿತು. 1320ರಲ್ಲಿ, ಪಾಲಾಗಿ 182 ವರ್ಷಕ್ಕೆ, ಅವನು ಕ್ರಾಕೋವಿನಲ್ಲಿ ಕಿರೀಟ ಇಟ್ಟುಕೊಂಡ.

ಸಿಲೇಸಿಯಾದ ದಾಯಾದಿಗಳು ಮಾತ್ರ ಆ ಹೊಲಿಗೆಗೆ ಸಿಗಲಿಲ್ಲ. ಅವರಲ್ಲಿ ಬಹುತೇಕರು ಕೆಲವೇ ವರ್ಷಗಳಲ್ಲಿ ಹೋಗಿ ಬೊಹೆಮಿಯದ ರಾಜನಿಗೆ ಅಡ್ಡಬಿದ್ದರು. ಅವರನ್ನೂ ದೂರುವಂತಿಲ್ಲ. ಮೊಳದುದ್ದದ ದಾಯಾದಿಗೆ ತಲೆಬಾಗಬೇಕೆಂದರೆ ಎಷ್ಟೊಂದು ಬಗ್ಗಬೇಕು!